ಕತ್ತೆ ಒಂದೇ ಬಂತು

ಶಾಲೆಯಲ್ಲಿನ ನಿರಾಶ್ರಿತರ ಶಿಬಿರ, ಕಿಂಗ್ಸ್‌ಟೌನ್
ಸೇಂಟ್ ವಿನ್ಸೆಂಟ್ ದ್ವೀಪ

ಅಪ್ಪನಿಗೆ,

ನಾವು ಇಲ್ಲಿ ಕ್ಷೇಮ. ನಿನಗೂ ಕಿಟಕಿಯ ಪಕ್ಕ ಒಂದು ಚಾಪೆ ಹಾಸಿಟ್ಟಿದ್ದೇನೆ. ಸೂಫ್ರಿಯೇರ್ ಬೆಟ್ಟ ಉಗುಳುವ ಬೂದಿ ಇಲ್ಲಿಗೂ ಬರುತ್ತಿದೆ, ಊಟದಲ್ಲಿ ಹಲ್ಲಿಗೆ ಸಿಗುತ್ತದೆ. ಇಸ್ಮೇ ಅತ್ತೆಯದು ದಿನಾ ಒಂದೇ ಮಾತು: "ನಿಮ್ಮಪ್ಪ ಆ ಬೆಟ್ಟಾನೇ ಕಟ್ಕೊಂಡಿದ್ದಾನೆ ಬಿಡೇ, ಬಿಟ್ಟು ಬರಲ್ಲ." ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ, ಇವತ್ತು ಬೆಳಿಗ್ಗೆಯವರೆಗೆ.

ಬೆಳಿಗ್ಗೆ ಲಾರಿಯ ಆಲ್ಬನ್ ನಮ್ಮ ಕತ್ತೆಯನ್ನು ತಂದ. ಹೊಳೆಯ ಸೇತುವೆ ಹತ್ತಿರ ಒಂಟಿಯಾಗಿ ನಿಂತಿತ್ತಂತೆ. "ಹಗ್ಗ ಹರಿದಿಲ್ಲ ಕಣಕ್ಕ, ಯಾರೋ ಬಿಚ್ಚಿದ್ದಾರೆ" ಅಂದ. ಬೆಟ್ಟ ಸಿಡಿದಾಗ ಮನೆಗೆ ಬೀಗ ಹಾಕಿ, ಎಲ್ಲಕ್ಕಿಂತ ಕೊನೆಗೆ ಪ್ರಾಣಿಗಳನ್ನು ಬಿಚ್ಚಿ ಹೊರಡುವುದು ನಮ್ಮ ಕಡೆಯ ರೂಢಿ. ನೀನೇ ಹೇಳಿದ್ದೆ, "ಕತ್ತೆ ಬಿಚ್ಚಿದೀನಿ ಅಂದ್ರೆ ಹೊರಟೆ ಅಂತ ತಿಳ್ಕೋ." ಹಾಗಾದರೆ ನೀನು ಹೊರಟಿದ್ದೀಯ. ದಾರಿಯಲ್ಲಿ ಎಲ್ಲೋ ದಣಿವಾರಿಸಿಕೊಳ್ಳುತ್ತಿರಬೇಕು.

ಬಟ್ಟೆ ಒದ್ದೆ ಮಾಡಿ ಮೂಗಿಗೆ ಕಟ್ಟಿಕೋ. ತೆರೆದಿಟ್ಟ ನೀರು ಕುಡಿಯಬೇಡ. ಆಲ್ಬನ್ ನಿನ್ನನ್ನು ಹುಡುಕಲು ಮತ್ತೆ ಹೊರಟಿದ್ದಾನೆ; ಈ ಕಾಗದದ ಜೊತೆ ಅವನ ಕೈಯಲ್ಲಿ ಸುಟ್ಟ ದಿವಿಹಲಸು ಕಳಿಸಿದ್ದೇನೆ, ತಿನ್ನು.

ಬೂದಿಯಲ್ಲಿ ಅವನಿಗೆ ನೀನು ಕಾಣುವುದಿಲ್ಲ, ಮೀನು ಬಂದಾಗ ಊದುವ ಶಂಖವನ್ನು ಊದು ಎಂದು ಬರೆಯಲು ಕೂತೆ. ಆದರೆ ಶಂಖ ಕತ್ತೆಯ ಬೆನ್ನಿನ ಚೀಲದಲ್ಲೇ ಇತ್ತು, ಅಪ್ಪ. ಅದನ್ನೂ ಅವನಿಗೆ ಕೊಟ್ಟಿದ್ದೇನೆ. ಪ್ರತಿ ತಿರುವಿನಲ್ಲೂ ಅವನೇ ಊದುತ್ತಾನೆ. ಕೇಳಿಸಿದರೆ ಕಲ್ಲಿಗೆ ಕಲ್ಲು ಬಡಿ. ಅಷ್ಟು ಸಾಕು.

ನಿನ್ನ ಮಗಳು
ವರ್ನೆಟ್