ಅಮ್ಮನ ಬಾಯಿಗೊಂದು ಗುಟುಕು ನೀರು

ಕುರೊಸಾಕಿ ಪ್ರಾಥಮಿಕ ಶಾಲೆ, ವ್ಯಾಯಾಮದ ಹಾಲ್
ಫೆಬ್ರವರಿ ೮

ಪ್ರೀತಿಯ ಫುಮಿಯೆ,

ನಾವು ಬದುಕಿದ್ದೇವೆ. ಅಮ್ಮನಿಗೂ ನನಗೂ ಒಂದು ಗಾಯವಿಲ್ಲ. ಭೂಕಂಪವಾಗಿ ನಾಲ್ಕು ದಿನವಾದರೂ ಅಕ್ಕ ಒಂದು ಸುದ್ದಿ ಕಳಿಸಲಿಲ್ಲವೆಂದು ನೀನು ನಗೋಯದಲ್ಲಿ ಎಷ್ಟು ಒದ್ದಾಡಿದ್ದೀಯೋ, ತಪ್ಪಾಯಿತು ಕಣೇ. ಫೋನು ಸತ್ತಿದೆ, ರಸ್ತೆ ಎರಡು ಕಡೆ ಸಮುದ್ರಕ್ಕೆ ಜಾರಿದೆ. ಇವತ್ತು ಕಂಬಳಿ ತಂದ ಸೈನ್ಯದ ಹುಡುಗಿಯೊಬ್ಬಳು "ಕಾಗದ ಇದ್ರೆ ಕೊಡಿ, ಪೇಟೇಲಿ ಟಪಾಲಿಗೆ ಹಾಕ್ತೀವಿ" ಅಂದಳು. ಒಂದನೇ ಕ್ಲಾಸಿನ ಮಕ್ಕಳು ಬರೆದ ಆಮೆಯ ಚಿತ್ರದ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಮನೆ ಹೋಯಿತು. ಹೆಂಚು, ತೊಲೆ ಎಲ್ಲ ನೆಲಕ್ಕೆ ಕೂತಿವೆ. ಅಮ್ಮ ಆಗ ಹಿತ್ತಲಿನಲ್ಲಿ ಮೂಲಂಗಿ ಕೀಳುತ್ತಿದ್ದಳು, ಅದಕ್ಕೇ ಉಳಿದಳು. ನಾನು ಹಲ್ಲಿನ ಕ್ಲಿನಿಕ್ಕಿನಿಂದ ಓಡಿ ಬಂದಾಗ ಕೈಯಲ್ಲಿ ಮೂಲಂಗಿ ಹಿಡಿದುಕೊಂಡೇ ನಿಂತಿದ್ದಳು. "ಇಕುಯೊ, ಒಲೆ ಆರಿಸಿ ಬಂದೆನಾ ನಾನು?" ಅಂದಳು. ಒಲೆಯಿದ್ದ ಕೋಣೆಯೇ ಇರಲಿಲ್ಲ.

ಹಾಲ್‌ನಲ್ಲಿ ಇನ್ನೂರು ಜನ. ಒಬ್ಬೊಬ್ಬರಿಗೆ ಒಂದು ಚಾಪೆಯಷ್ಟು ಜಾಗ. ನಮ್ಮ ಪಕ್ಕದಲ್ಲಿ ಯಾರಿದ್ದಾರೆ ಹೇಳು ನೋಡೋಣ? ಮೀನಿನ ದೋಣಿಯ ತರೂಮಿ ತಾತ! ಅಪ್ಪನಿಗಿಂತ ಮೊದಲು ಅಮ್ಮನನ್ನು ಹೆಣ್ಣು ಕೇಳಲು ಬಂದಿದ್ದನಲ್ಲ, ಅವನೇ. "ಹತ್ಸುನೊ, ಅರವತ್ತೈದು ವರ್ಷ ತಡವಾದ್ರೂ ಪಕ್ಕದಲ್ಲಿ ಮಲಗಿಸಿದ ನೋಡು ದೇವರು" ಅಂತ ಅವನು. "ಬಾಯ್ಮುಚ್ಚು, ಗೊರಕೆ ಹೊಡೆದ್ರೆ ಆಚೆ ತಳ್ತೀನಿ" ಅಂತ ಇವಳು. ಸುತ್ತಲಿದ್ದವರೆಲ್ಲ ನಕ್ಕರು.

ಆದರೆ ಇದರಿಂದಲೇ ನನಗೊಂದು ಪೇಚಾಟ. ಅಮ್ಮ ಕಟ್ಟಿಸಿದ ಹಲ್ಲನ್ನು ತೆಗೆಯುತ್ತಿಲ್ಲ. ಮನೆಯಲ್ಲಿ ಮಲಗುವ ಮುಂಚೆ ತೆಗೆದು, ಉಜ್ಜಿ, ನೀರಿನ ಬಟ್ಟಲಿಗೆ ಹಾಕುತ್ತಿದ್ದವಳು ಇಲ್ಲಿ ಮುಟ್ಟಲೂ ಬಿಡುವುದಿಲ್ಲ. "ಬೋಳು ಬಾಯೀನ ಆ ತರೂಮಿಗೆ ತೋರಿಸ್ಲಾ? ಮತ್ತೆ ನಡುಗಿದ್ರೆ ಹಲ್ಲು ಹುಡುಕ್ಕೊಂಡು ಕೂರ್ಲಾ?" ಅನ್ನುತ್ತಾಳೆ. ಶೌಚಕ್ಕೆ ಸಾಲು ನಿಲ್ಲಬೇಕೆಂದು ನೀರನ್ನೂ ಸರಿಯಾಗಿ ಕುಡಿಯುತ್ತಿಲ್ಲ, ನಾಲಿಗೆ ಒಣಗಿದೆ. ತಿನ್ನಲು ಸಿಹಿ ಬ್ರೆಡ್ಡು. ಹಲ್ಲುಜ್ಜಲು, ಬಾಯಿ ತೊಳೆಯಲು ನೀರಿಲ್ಲ. ಮೂವತ್ತೊಂದು ವರ್ಷ ಊರವರ ಹಲ್ಲು, ವಸಡು ಶುಚಿ ಮಾಡಿದವಳು ನಾನು. ಇದೇ ಹಾಲ್‌ನಲ್ಲಿ ನಿಂತು ಮಕ್ಕಳಿಗೆ ಹೇಳಿದ್ದೇನೆ, ನಿಮ್ಮ ಬಾಯಿ ಒಂದು ಊರು, ಅದರಲ್ಲಿ ನೂರಾರು ಜಾತಿಯ ಸೂಕ್ಷ್ಮ ಜೀವಿಗಳ ವಾಸ, ಒಳ್ಳೆಯವೂ ಇವೆ, ಪೋಕರಿಗಳೂ ಇವೆ, ಜೊಲ್ಲು ಹರಿಯುತ್ತಿದ್ದು ದಿನಾ ಉಜ್ಜುತ್ತಿದ್ದರೆ ಪೋಕರಿಗಳು ಬಾಲ ಮುದುರಿಕೊಂಡಿರುತ್ತವೆ ಅಂತ. ಮಕ್ಕಳಿಗೆ ಹೇಳದ ಮಾತೊಂದಿದೆ. ಮುದುಕರಲ್ಲಿ ಆ ಪೋಕರಿಗಳು ನಿದ್ದೆಯಲ್ಲಿ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಕೆಮ್ಮಿ ಹೊರಗೆ ಹಾಕುವ ಶಕ್ತಿ ಅವರಿಗಿರುವುದಿಲ್ಲ.

ನನಗೆ ಹೆದರಿಕೆಯಾಗುತ್ತಿದೆ ಫುಮಿಯೆ. ಕಂಪಿಸಿದ ನೆಲಕ್ಕಲ್ಲ. ಬಾಗಿಲ ಬಳಿಯ ಇಬ್ಬರು ಮುದುಕರಿಗೆ ನಿನ್ನೆಯಿಂದ ಜ್ವರ. ಅಮ್ಮ ಇನ್ನೂ ಗಟ್ಟಿಯಾಗಿದ್ದಾಳೆ, ತರೂಮಿಯನ್ನು ಬೈಯುತ್ತಿದ್ದಾಳೆ. ನಾಳೆ ನೀರಿನ ಲಾರಿ ಬರುತ್ತದಂತೆ.

ನಿನ್ನ ಮೊಣಕಾಲಿನ ಹೊಲಿಗೆ ಬಿಚ್ಚುವವರೆಗೆ ಎಲ್ಲಿಗೂ ಹೊರಡಬೇಡ.

ನಿನ್ನ ಅಕ್ಕ,
ಇಕುಯೊ


ನಗರದ ಆಸ್ಪತ್ರೆ, ನಾಲ್ಕನೇ ಮಹಡಿ
ಫೆಬ್ರವರಿ ೨೧

ಪ್ರೀತಿಯ ಫುಮಿಯೆ,

ಎರಡು ದಿನಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ, ಮತ್ತೆ ಕಾಗದ ಯಾಕೆ ಅನ್ನಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಸಮಾಧಾನ ಹೇಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಬರೆಯೋಣವೆಂದು ವಾರದಿಂದ ಹಾಳೆ ಮುಂದಿಟ್ಟುಕೊಂಡು ಎದ್ದು ಹೋಗುತ್ತಿದ್ದೆ. ತಡವಾದದ್ದಕ್ಕೆ ಕ್ಷಮಿಸು.

ಅಮ್ಮನಿಗೆ ಕೆಮ್ಮೇ ಬರಲಿಲ್ಲ. ಅದರಿಂದಲೇ ನಾನು ಮೋಸ ಹೋದೆ. ಹನ್ನೊಂದನೇ ತಾರೀಖು ಬೆಳಗ್ಗೆ ಅನ್ನದ ಉಂಡೆ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ತರೂಮಿ ತಾತ "ಏನೇ ಹತ್ಸುನೊ, ಇವತ್ತು ನನಗೆ ಬೈಗುಳ ಇಲ್ವಾ?" ಅಂದ. ಅವಳು ಉತ್ತರ ಕೊಡಲಿಲ್ಲ. ತಾತನ ಮುಖ ಸಪ್ಪಗಾಯಿತು. "ಇಕುಯೊ, ನಿಮ್ಮಮ್ಮನ್ನ ನೋಡಮ್ಮಾ, ಏನೋ ಸರಿ ಇಲ್ಲ" ಅಂದ. ಹಣೆ ಮುಟ್ಟಿದರೆ ಸುಡುತ್ತಿತ್ತು. ಉಗುರು ನೀಲಿ. ಹೆಲಿಕಾಪ್ಟರಿನಲ್ಲಿ ಇಲ್ಲಿಗೆ ತಂದರು. ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡು ಉಸಿರು ಎಣಿಸುತ್ತಿದ್ದೆ, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನನ್ನದೇ ನಿಂತು ಹೋಗುತ್ತಿತ್ತು.

ಇಲ್ಲಿನ ಡಾಕ್ಟರು ನಿನ್ನ ಮಗಳ ವಯಸ್ಸಿನ ಹುಡುಗಿ. ಅಮ್ಮನ ಹಲ್ಲಿನ ಸೆಟ್ಟನ್ನು ಅವಳೇ ತೆಗೆದಳು. ಏಳು ದಿನ ಒಳಗೇ ಇದ್ದದ್ದು. ಅಂಗುಳಕ್ಕೆ ಅಂಟಿಕೊಂಡಿತ್ತು. ಅದರ ಒಳಮೈ ತುಂಬ ಹಳದಿ ಲೋಳೆ, ಕೆಳಗಿನ ವಸಡು ಕೆಂಪು. ವಾಸನೆ ನಿನಗೆ ವರ್ಣಿಸುವುದಿಲ್ಲ, ನಾನು ಅಷ್ಟು ಬಾಯಿಗಳನ್ನು ನೋಡಿದವಳು, ಮುಖ ತಿರುಗಿಸಿದೆ. "ನ್ಯುಮೋನಿಯಾ. ಶ್ವಾಸಕೋಶಕ್ಕೆ ಇಳಿದಿರೋದು ಇದೇ" ಅಂದಳು ಡಾಕ್ಟರು. ಆಮೇಲೆ ನನ್ನ ಕೆಲಸ ಏನೆಂದು ಕೇಳಿದಳು. ಫಾರಂ ತುಂಬಿಸಲು ಕೇಳಿದ್ದು, ಬೇರೇನಿಲ್ಲ. ಕ್ಲಿನಿಕ್ಕಿನಲ್ಲಿ ಅಂದೆ, ಯಾವ ಕ್ಲಿನಿಕ್ಕೆಂದು ಹೇಳಲಿಲ್ಲ.

ಔಷಧಿ ಹತ್ತುತ್ತಿದೆ ಅನ್ನುತ್ತಾರೆ. ಒಂದು ದಿನ ರಕ್ತದ ಆಮ್ಲಜನಕ ಅಳೆಯುವ ಯಂತ್ರ ತೊಂಬತ್ತಮೂರು ತೋರಿಸುತ್ತದೆ, ನಾನು ಕ್ಯಾಂಟೀನಿಗೆ ಹೋಗಿ ಸೋಬಾ ನೂಡಲ್ಸ್ ತಿಂದು ಬರುತ್ತೇನೆ. ಮರುದಿನ ಎಂಬತ್ತೇಳು, ಊಟ ಮುಟ್ಟುವುದಿಲ್ಲ. ನರ್ಸುಗಳು ಬಿರುಸಾಗಿ ನಡೆದು ಬಂದರೆ ಸಾಕು, ನಮ್ಮ ಕೋಣೆಗೇ ಅಂತ ಎದ್ದು ಬಾಗಿಲಿಗೆ ಓಡುತ್ತೇನೆ. ಇಂಥ ಹೆದರಿಕೆ ನೆಲ ನಡುಗಿದಾಗಲೂ ಆಗಿರಲಿಲ್ಲ. ಅದು ಒಂದು ನಿಮಿಷದಲ್ಲಿ ಮುಗಿದಿತ್ತು.

ಬಾಯಿಂದ ಏನೂ ಕೊಡುತ್ತಿಲ್ಲ, ನಳಿಕೆಯಲ್ಲೇ ಊಟ. "ಏನೂ ತಿನ್ನಲ್ವಲ್ಲ, ಬಾಯಿ ಯಾಕೆ ತೊಳೀಬೇಕು?" ಅಂತ ಪಕ್ಕದ ಹಾಸಿಗೆಯವರ ಸೊಸೆ ಕೇಳಿದಳು. ತಿನ್ನದ ಬಾಯಿಯಲ್ಲಿ ಜೊಲ್ಲು ಹರಿಯುವುದಿಲ್ಲ, ಅಲ್ಲಿಯೇ ಆ ಪೋಕರಿಗಳು ಹೆಚ್ಚು ಬೆಳೆಯುವುದು ಅಂತ ವಿವರಿಸಿದೆ. ಅವಳ ಅತ್ತೆಗೆ ಸಕ್ಕರೆ ಕಾಯಿಲೆ, ಬಾಯಿ ಸರಿಯಿಲ್ಲದಿದ್ದರೆ ಅದು ಹತೋಟಿಗೆ ಬರುವುದು ಕಷ್ಟ ಅಂತಲೂ ಹೇಳಿದೆ. ಅವಳು "ಎಷ್ಟೆಲ್ಲ ಗೊತ್ತು ನಿಮಗೆ!" ಅಂದಳು. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

ಹಾಲ್‌ನ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಮೊನ್ನೆ ರಸ್ತೆ ತೆರೆದ ಮೇಲೆ ಹಾಲ್‌ನಲ್ಲಿ ಬಿಟ್ಟಿದ್ದ ಬಟ್ಟೆ ತರಲು ಊರಿಗೆ ಹೋಗಿದ್ದೆ. ಉಸ್ತುವಾರಿಯ ಕಾಮಿಡೆ ಅವರ ಧ್ವನಿವರ್ಧಕ ಕಸಿದುಕೊಂಡು ಎಲ್ಲರನ್ನೂ ಎಬ್ಬಿಸಿದೆ. ಎರಡು ಗುಟುಕು ನೀರು ಕಾಗದದ ಲೋಟಕ್ಕೆ ಹಾಕಿ, ಬ್ರಷ್ಷು ಅದ್ದಿ, ಉಜ್ಜಿ, ಕೊಳೆಯನ್ನು ಟಿಶ್ಯೂಗೆ ಒರೆಸಿ, ಮತ್ತೆ ಅದ್ದಿ, ಕೊನೆಗೆ ಉಳಿದದ್ದರಲ್ಲಿ ಬಾಯಿ ಮುಕ್ಕಳಿಸುವುದು ಹೇಗೆಂದು ತೋರಿಸಿದೆ. ಹಲ್ಲಿನ ಸೆಟ್ಟು ತೆಗೆಯಲು ಮೂಲೆಯಲ್ಲೊಂದು ಪರದೆ ಕಟ್ಟಿಸಿದೆ. ತರೂಮಿ ತಾತನೇ ಮೊದಲು ಎದ್ದು ಬಂದ. ಪರದೆಯ ಹಿಂದೆ ಹೋಗದೆ ಎಲ್ಲರ ಮುಂದೆ ಮೇಲಿನದು ಕೆಳಗಿನದು ಎರಡನ್ನೂ ತೆಗೆದು ಅಂಗೈಯಲ್ಲಿ ಹಿಡಿದ. "ಹತ್ಸುನೊಗೆ ಹೇಳು, ನನ್ನದೂ ಬೋಳೇ ಅಂತ" ಅಂದ. ಆ ಮುದುಕ ಅತ್ತ ಫುಮಿಯೆ. ಕಾಮಿಡೆ ಅವರು "ಇಕುಯೊ-ಸಾನ್ ಇದ್ದದ್ದು ನಮ್ಮ ಪುಣ್ಯ" ಅಂತ ಬಗ್ಗಿ ನಮಸ್ಕಾರ ಮಾಡಿದರು. ನಾನೂ ಬಗ್ಗಿದೆ. ಬೇಗ ತಲೆ ಎತ್ತಲಾಗಲಿಲ್ಲ.

ನಿನ್ನ ಕಾಲು ಬೇಗ ಗುಣವಾಗಲಿ. ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಗಂಡ ಸಿಗರೇಟು ಬಿಡದಿದ್ದರೆ ಅವನ ವಸಡು ನೋಡಲು ನಾನೇ ಬರುತ್ತೇನೆಂದು ಹೆದರಿಸು. ಎಲ್ಲರೂ ಚೆನ್ನಾಗಿರಿ.

ನಿನ್ನ ಅಕ್ಕ,
ಇಕುಯೊ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಫೋನಿನಲ್ಲಿ ನೀನು "ನೀನಿದ್ದೂ ಹೀಗಾಯ್ತಲ್ಲಕ್ಕಾ, ಹೇಗೆ?" ಅಂತ ಕೇಳಿದೆ. ನೀರಿರಲಿಲ್ಲ ಅಂದೆ. ಸುಳ್ಳು. ಮೊದಲ ಕಾಗದದಲ್ಲಿ ಬರೆದದ್ದೂ ಸುಳ್ಳು. ಮೂರನೇ ದಿನವೇ ನಮಗೊಂದು ಬಾಟಲಿ ನೀರು ಕೊಟ್ಟಿದ್ದರು. ಅಮ್ಮ ನನ್ನ ತೋಳು ಎಳೆದು ಕಿವಿಯಲ್ಲಿ ಹೇಳಿದಳು: "ಇಕುಯೊ, ಬಾಯೆಲ್ಲ ಅಂಟಂಟು, ನನಗೇ ವಾಸನೆ ಬರ್ತಿದೆ. ಕಂಬಳಿ ಅಡ್ಡ ಹಿಡ್ಕೋ, ತೆಗೆದು ಕೊಡ್ತೀನಿ, ಸ್ವಲ್ಪ ತೊಳೆದು ಕೊಡೇ." ಆ ಬೆಳಗ್ಗೆಯಷ್ಟೇ ಕೂಸಿನ ಕೈ ತೊಳೆದ ತಾಯಿಯೊಬ್ಬಳನ್ನು ಕುಡಿಯೋ ನೀರು ಚೆಲ್ತಾಳೆ ಅಂತ ಹಾಲ್ ಪೂರ್ತಿ ಆಡಿಕೊಂಡಿತ್ತು. ನಾನು ಸುತ್ತ ನೋಡಿದೆ. "ಜನ ನೋಡ್ತಾರಮ್ಮ, ಇನ್ನೆರಡು ದಿನ ತಡ್ಕೋ" ಅಂದೆ. ಅವಳು ತಲೆಯಾಡಿಸಿದಳು. ಮತ್ತೆ ಕೇಳಲೇ ಇಲ್ಲ. ಮುಟ್ಟಲು ಬಿಡದಿದ್ದದ್ದು, ತರೂಮಿಯ ನೆಪ ಹೇಳಿದ್ದು, ಎಲ್ಲ ಅದಾದ ಮೇಲೆ.

ಇಲ್ಲಿ ನರ್ಸು ಸ್ಪಂಜು ಹಿಡಿದು ಬಂದರೆ ಅಮ್ಮ ಕಣ್ಣು ಮುಚ್ಚಿಕೊಂಡೇ ಬಾಯಿ ಅಗಲಿಸುತ್ತಾಳೆ. ನಾನು ಹೋದರೆ ತುಟಿ ಬಿಗಿದು ಗೋಡೆಯ ಕಡೆ ತಿರುಗುತ್ತಾಳೆ. ಹತ್ತು ದಿನದಿಂದ ಪ್ರಯತ್ನಿಸುತ್ತಿದ್ದೇನೆ ಫುಮಿಯೆ. ಅಮ್ಮ ನನಗೆ ಮಾತ್ರ ಬಾಯಿ ತೆರೆಯುತ್ತಿಲ್ಲ.