ಕಳಸಾಪುರದ ಎಮ್ಮೆಗಳು ಮತ್ತು ಓಮಾನಿನ ಶಾಲೆ

ಗದಗ-ಬೆಟಗೇರಿ
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ರತ್ನಕ್ಕಾ,

ನಿನ್ನ ಗಂಟಲು ಈಗ ಹೇಗಿದೆ? ಹೋದ ವಾರ ಫೋನಿನಲ್ಲಿ ನಿನ್ನ ದನಿ ಕೇಳಿ ಬೇರೆ ಯಾರೋ ಎತ್ತಿದ್ದಾರೆ ಅಂದುಕೊಂಡಿದ್ದೆ. ಅಷ್ಟು ಮಕ್ಕಳ ಮುಂದೆ ದಿನವಿಡೀ ರೈಮ್ಸ್ ಕೂಗಿ, ಮತ್ತೆ ಸಂಜೆ ಟ್ಯೂಷನ್ ಹೇಳಿದರೆ ಇನ್ನೇನಾಗುತ್ತದೆ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು. ಡಂಬಳಕ್ಕೆ ಹೋದಾಗ ಅವ್ವನ ಮೊಣಕಾಲನ್ನೂ ಸ್ವಲ್ಪ ನೋಡು, ನನಗೆ ಫೋನಿನಲ್ಲಿ ಬರೀ "ಆರಾಮ ಅದೀನಿ, ನೀ ಉಂಡಿ?" ಅನ್ನುತ್ತಾಳೆ. ನಾನು ಉಣ್ಣುತ್ತಿದ್ದೇನೆ. ಇಂಟರ್ನಲ್ಸ್ ಮುಗಿದವು. ಅಕೌಂಟ್ಸ್ ಒಂದು ಬಿಟ್ಟರೆ ಉಳಿದವು ಪಾಸಾಗುವಂತಿವೆ. ಅಕೌಂಟ್ಸ್ ಪೇಪರಿನ ದಿನ ತಲೆಯಲ್ಲಿ ಬೇರೆಯದೇ ಟೆನ್ಷನ್ ಇತ್ತು, ಅದನ್ನೇ ಈಗ ಬರೆಯಲು ಕುಳಿತಿದ್ದೇನೆ.

ಈ ಕಾಲದಲ್ಲಿ ಪತ್ರ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ನಿನ್ನ ಓಮಾನಿನ ಕೆಲಸದ ಮಾತು ಎತ್ತಿದ ಕೂಡಲೇ "ಮಕ್ಕಳು ಬಂದ್ವು, ಇಡ್ತೀನಿ" ಅನ್ನುತ್ತೀ. ಭಾನುವಾರವೂ ನಿನಗೆ ಮಕ್ಕಳು ಬರುತ್ತಾರೆ. ವಾಟ್ಸ್ಯಾಪಿನಲ್ಲಿ ಉದ್ದ ಬರೆದರೆ ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀ. ಅದಕ್ಕೇ ಇದನ್ನು ರುಹಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ರುಹಿ ನನ್ನ ರೂಮ್‌ಮೇಟ್, ನೀನಿರುವ ಮುಂಡರಗಿಯವಳೇ. ಶನಿವಾರ ಊರಿಗೆ ಬಂದಾಗ ನಿನ್ನ ಬಾಗಿಲಿಗೇ ತಂದು ಕೊಡುತ್ತೇನೆ ಅಂದಿದ್ದಾಳೆ. ಕಾಗದವನ್ನು ಫೋನಿನ ಹಾಗೆ ಕಟ್ ಮಾಡಲು ಬರುವುದಿಲ್ಲವಲ್ಲ, ಪೂರ್ತಿ ಓದು. ಐದನೇ ಇಯತ್ತೆಯಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳು ನಾನು, ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷ್ ಬಂದೀತು. ನೀನು ಟೀಚರ್ ಅಂತ ಕೆಂಪು ಪೆನ್ನು ಹಿಡಿದು ಕೂರಬೇಡ. ಕೊರಿಯರ್ ರಸೀದಿಯ ಫೋಟೋ ಕಳಿಸು ಅಂತ ಸೋಮವಾರದಿಂದ ಕೇಳುತ್ತಿದ್ದೀ, ಅದರ ವಿಷಯವನ್ನೂ ಕೊನೆಗೆ ಬರೆಯುತ್ತೇನೆ.

ಹೋದ ಭಾನುವಾರ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನೀನು ಆ ದಪ್ಪ ಕವರನ್ನು ನನ್ನ ಕೈಗೆ ಕೊಟ್ಟೆ. ಒಳಗೆ ನಿನ್ನ ಪಾಸ್‌ಪೋರ್ಟು, ಎಂ.ಎ. ಮತ್ತು ಬಿ.ಎಡ್.ನ ಅಸಲು ಮಾರ್ಕ್ಸ್ ಕಾರ್ಡುಗಳು, ಮೇಲೆ ಮುಂಬಯಿಯ ಯಾವುದೋ ಏಜೆನ್ಸಿಯ ವಿಳಾಸ. ನಾಳೆ ಕಾಲೇಜಿಗೆ ಹೋಗುವಾಗ ಕೊರಿಯರಿಗೆ ಹಾಕು ಅಂದೆ. ನಾನು ಕೇಳಿದ್ದು ಇಷ್ಟೇ: "ಅಸಲು ಯಾಕ ಬೇಕಕ್ಕ, ಝೆರಾಕ್ಸ್ ಸಾಲಂಗಿಲ್ಲೇನು?" ಅದಕ್ಕೆ ನೀನು, "ಫಾರಿನ್ ಪದ್ಧತಿ ನಿನಗೇನ ಗೊತ್ತೈತಿ, ಹೊಟ್ಟಿಕಿಚ್ಚ ಪಡಬ್ಯಾಡಲೇ" ಅಂದುಬಿಟ್ಟೆ. ಮುಂಡರಗಿಯ ಬಸ್ಸು ಬಂತು, ನೀನು ಹತ್ತಿ ಹೋದೆ. ನಾನು ಕವರನ್ನು ಎದೆಗೆ ಒತ್ತಿಕೊಂಡು ಹಾಸ್ಟೆಲ್ಲಿನ ತನಕ ನಡೆದೇ ಬಂದೆ, ಆಟೋದಲ್ಲಿ ಬಿಟ್ಟೇನೋ ಅಂತ ಅಂಜಿಕೆ. ಅಕ್ಕಾ, ಹೊಟ್ಟೆಕಿಚ್ಚಲ್ಲ. ಕಟ್ಟೆಯ ಮೇಲೆ ಕೂಡಿಸಿ ನನಗೆ ಎಬಿಸಿಡಿ ತಿದ್ದಿಸಿದವಳು ನೀನು. ನೀನು ದೊಡ್ಡ ಶಾಲೆಯಲ್ಲಿ ಪಾಠ ಹೇಳಿದರೆ ನನಗಿಂತ ಹೆಚ್ಚು ಯಾರಿಗೆ ಖುಷಿ?

ಆ ದಿನ ನನಗೆ ಕಳಸಾಪುರದ ಎಮ್ಮೆಗಳ ನೆನಪು ಬಂತು. ನಿನಗೆ ಅಲ್ಲಿಯ ಸಂಬಂಧ ಬಂದಾಗ ಫೋಟೋ ಚೆಂದ, ಹುಡುಗ ಚೆಂದ, ಅಂಗಳದಲ್ಲಿ ಎರಡು ಮುರ್ರಾ ಎಮ್ಮೆ. ಅವ್ವ ಆಗಲೇ ಒಪ್ಪಿಬಿಟ್ಟಿದ್ದಳು. ಸಕ್ರಪ್ಪ ದೊಡ್ಡಪ್ಪ ಮಾತ್ರ ಯಾರಿಗೂ ಹೇಳದೆ ಒಬ್ಬನೇ ಮನೆ ನೋಡಲು ಹೋಗಿದ್ದ. ಹುಡುಗನ ಮನೆಗಲ್ಲ, ನೀರು ಕೇಳುವ ನೆಪ ಮಾಡಿ ಎದುರು ಮನೆಯ ಕಟ್ಟೆಗೆ. ಸಂಜೆ ನೀರು ಕುಡಿಸಲು ಬಿಚ್ಚಿದಾಗ ಎಮ್ಮೆಗಳೆರಡೂ ಸೀದಾ ಆ ಎದುರು ಮನೆಯ ಗೋದಲಿಗೆ ಬಂದು ನಿಂತವಂತೆ. ದೊಡ್ಡಪ್ಪ ಬಂದು ಅವ್ವನಿಗೆ ಹೇಳಿದ್ದು ನೆನಪಿದೆಯಾ? "ಬೀರವ್ವಾ, ಹುಡುಗಗ ಎಮ್ಮಿ ಇಲ್ಲಂದ್ರ ನಡೀತೈತಿ. ಎಮ್ಮಿ ತಂದು ಕಟ್ಟಿದಾವ ನಾಳೆ ಏನೇನ ತಂದು ಕಟ್ಟತಾನೋ." ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಬಸ್ಸಿನಲ್ಲಿ ಹೋಗಿ ಸಂಜೆಗೆ ತಿರುಗಿ ಬರುವ ಕಳಸಾಪುರಕ್ಕೆ ಅಷ್ಟು ವಿಚಾರ ಮಾಡಿದೆವು. ಸಮುದ್ರ ದಾಟಿ ಹೋಗುವ ಕೆಲಸಕ್ಕೆ ಯಾರ ಕಟ್ಟೆಯ ಮೇಲೆ ಕುಳಿತು ಕೇಳಿದೆವು, ಹೇಳು.

ಅದಕ್ಕೇ ನಾನು ಅಲ್ಲಿದ್ದವರೊಬ್ಬರಿಂದ ಕೇಳಿಸಿದೆ. ಬೈಯಬೇಡ. ರುಹಿಯ ಮಾಮಾನ ಮಗ ಮೊಹಸಿನ ಭಾಯ್ ಲಕ್ಷ್ಮೇಶ್ವರದವರು, ಓಮಾನಿನಲ್ಲಿ ನೀರಿನ ಕ್ಯಾನ್ ಹಾಕುವ ಗಾಡಿ ಓಡಿಸುತ್ತಾರೆ. ನಿನ್ನ ಆಫರ್ ಲೆಟರಿನಲ್ಲಿರುವ ಶಾಲೆ ಅವರ ದಾರಿಯಿಂದ ಸ್ವಲ್ಪವೇ ದೂರ. ಮಂಗಳವಾರ ಗಾಡಿ ನಿಲ್ಲಿಸಿ ಒಳಗೆ ಹೋಗಿ ಬಂದರು. ಅವರು ಕಳಿಸಿದ ವಾಯ್ಸ್ ಮೆಸೇಜನ್ನು ಎಷ್ಟು ಸಲ ಕೇಳಿದ್ದೇನೆಂದರೆ ಬಾಯಿಪಾಠ ಆಗಿದೆ: "ತಂಗೀ, ಶಾಲಿ ಖರೇನ ಐತಿ. ನೀ ಕಳಿಸಿದ ಫೋಟೋದಾಗಿನ ಗೇಟೂ ಐತಿ, ನೀಲಿ ಬಸ್ಸೂ ಐತಿ. ಆದ್ರ ಆ ಕೆಲಸ ಸುಳ್ಳ ಐತಿ. ನಿಮ್ಮಕ್ಕನ ಹೆಸರ ಅವರಿಗೆ ಗೊತ್ತೇ ಇಲ್ಲ. ಆಫೀಸಿನ್ಯಾಗಿನ ಮೇಡಂ ಅಂದ್ಲು, ಹಿಂಗ ಕೇಳ್ಕೋತ ಬಂದಾವ ನೀ ಒಬ್ಬನ ಅಲ್ಲಪಾ ಅಂತ. ಅವರಿಗೆ ಟೀಚರ್ ಬೇಕಂದ್ರ ವಿಡಿಯೋದಾಗ ಒಂದು ಪಾಠ ಮಾಡಿಸಿ ನೋಡ್ತಾರಂತ." ಆಮೇಲೆ, "ಪಾಸ್‌ಪೋರ್ಟ್ ಮಾತ್ರ ಯಾರ ಕೈಯಾಗೂ ಕೊಡಬ್ಯಾಡ ಅನ್ನು. ಮೊದಲನೇ ಸೇಠ ನಂದು ಇಟಗೊಂಡಿದ್ದ. ನಮ್ಮ ದಾದಿ, ಅಪ್ಪನ ಅವ್ವ, ಅಲ್ಮಾಸಬಿ ತೀರಿಹೋದಾಗ ಮಣ್ಣಿಗೆ ಬರಾಕ ಆಗಲಿಲ್ಲ ನನಗ."

ಇದನ್ನು ಕೇಳಿದ ಮೇಲೆ ರುಹಿಯೂ ನಾನೂ ಕುಳಿತು ಒಂದೊಂದೇ ನೋಡಿದೆವು. ಪರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು ನಮ್ಮ ಸರ್ಕಾರದಲ್ಲಿ ರಿಜಿಸ್ಟರ್ ಆಗಿರಬೇಕು, ಅವರ ಹೆಸರುಗಳು ಸರ್ಕಾರದ ವೆಬ್‌ಸೈಟಿನಲ್ಲೇ ಇರುತ್ತವೆ. ನಿನ್ನ ಮುಂಬಯಿಯವರ ಹೆಸರು ಸಿಗಲಿಲ್ಲ. ಎಚ್‌ಆರ್ ಅಂತ ಹೇಳಿಕೊಂಡು ನಿನಗೆ ಆಫರ್ ಕಳಿಸಿದ ಸರ್ ಬರೆಯುವ ಮೇಲ್ ಐಡಿ ಶಾಲೆಯದಲ್ಲ, ನಾನೂ ನೀನೂ ಪುಕ್ಕಟೆ ತೆರೆಯುವಂಥದ್ದು. ಈಗ ವಿಸಿಟ್ ವೀಸಾದಲ್ಲಿ ಬಾ, ಆಮೇಲೆ ಚೇಂಜ್ ಮಾಡಿಸುತ್ತೇವೆ ಅಂದಿದ್ದಾರೆ. ಊರು ನೋಡಲು ಕೊಡುವ ವೀಸಾ ಅದು. ಅದರ ಮೇಲೆ ಕೆಲಸಕ್ಕೆ ನಿಂತರೆ ತಪ್ಪು ನಿನ್ನದಾಗುತ್ತದೆ, ಪೊಲೀಸರು ಹಿಡಿಯುವುದು ನಿನ್ನನ್ನು. ಆಗ ಪಾಸ್‌ಪೋರ್ಟೂ ಅವರ ಹತ್ತಿರ ಇದ್ದರೆ ನೀನು ಯಾರನ್ನು ಕೇಳುತ್ತೀ?

ಇನ್ನೊಂದು ಮಾತು. ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ಎರಡು ಸಲ ಬರೆದು ಹರಿದೆ. ಅವರ ಇಂಟರ್‌ವ್ಯೂ ಅಂದರೆ ಬರೀ ಟೈಪ್ ಮಾಡಿದ ಚಾಟ್. ನೀನು ವಿಡಿಯೋ ಕಾಲ್ ಮಾಡಲೇ ಅಂದಾಗ ಕ್ಯಾಮೆರಾ ಕೆಟ್ಟಿದೆ ಅಂದರು, ಫೋನ್ ಮಾಡಲೇ ಅಂದಾಗ ಮೀಟಿಂಗ್ ಅಂದರು. ಆದರೂ ಲೆಟರಿನಲ್ಲಿ ನಿನ್ನ ಇಂಗ್ಲಿಷ್ ಉಚ್ಚಾರವನ್ನು ಹೊಗಳಿದ್ದಾರೆ. ಆ ಸಾಲನ್ನು ನೀನು ನನಗೆ ಫೋನಿನಲ್ಲಿ ಓದಿ ಹೇಳಿದ್ದೆ. ನಿನ್ನ ಶಾಲೆಯಲ್ಲಿ ಆ ಹೊಸ ಕಾನ್ವೆಂಟ್ ಟೀಚರ್ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಿನ್ನ ಮಾತನ್ನು ತಿದ್ದಿ ನಕ್ಕದ್ದು ನನಗೆ ಗೊತ್ತು, ನೀನು ಮೂರು ದಿನ ಸರಿಯಾಗಿ ಉಂಡಿರಲಿಲ್ಲ. ಹಾಗಾಗಿ ಆ ಸಾಲು ನಿನಗೆ ಎಷ್ಟು ದೊಡ್ಡದು ಅಂತಲೂ ಗೊತ್ತು. ಆದರೆ ಅಕ್ಕಾ, ಪಾಠ ಹೇಳಿ ಹೇಳಿ ನಿನ್ನ ಗಂಟಲು ಹೋಗಿದೆ. ಅವರು ನಿನ್ನ ಒಂದು ಶಬ್ದವನ್ನೂ ಕಿವಿಯಿಂದ ಕೇಳಿಲ್ಲ.

ನಿನಗೆ ಅಡ್ಡ ಬರುತ್ತಿರುವುದು ಆ ಶಾಲು ಅಂತ ನನಗೆ ಗುಮಾನಿ. ಓಮಾನಿಗೆ ಹೊರಟೆ ಅಂತ ನೀನು ರಾಜೀನಾಮೆ ಕೊಟ್ಟಾಗ ನಿನ್ನ ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡಿದರು. ಫೋಟೋ ಡಂಬಳದ ಮನೆಮನೆಯ ಫೋನಿಗೂ ಹೋಗಿದೆ. ಪಕ್ಕದ ಮನೆಯ ಶೇಖವ್ವ ಪೇಢೆ ತಿಂದು, "ಪರದೇಶದ ಅತ್ತರ ಒಂದು ಬಾಟ್ಲಿ ನನಗ" ಅಂತ ಆಗಲೇ ಮುಂಗಡ ಹೇಳಿ ಇಟ್ಟಿದ್ದಾಳಂತೆ. ಈಗ ಹೋಗುವುದಿಲ್ಲ ಅಂದರೆ ಯಾರಿಗೆ ಹೇಗೆ ಮುಖ ತೋರಿಸುವುದು ಅಂತ ತಾನೇ? ಶೇಖವ್ವನಿಗೆ ಅತ್ತರು ನಾನು ಗದಗಿನಿಂದಲೇ ತರುತ್ತೇನೆ, ಅವಳಿಗೆ ಫರಕು ತಿಳಿಯುವುದಿಲ್ಲ. ಶಾಲು ಚಳಿಗಾಲಕ್ಕೆ ಬಂತು ಅಂದುಕೊ. ತಿಂಗಳ ಕೊನೆಯ ತನಕ ನೀನು ಇನ್ನೂ ಆ ಶಾಲೆಯ ಟೀಚರೇ, ರಾಜೀನಾಮೆ ತಿರುಗಿ ತಗೊಳ್ಳುತ್ತೇನೆ ಅಂತ ಕೇಳಲು ವೇಳೆ ಇದೆ. ಅವರು ನಗಬಹುದು, ನಗಲಿ. ಹೋಗಲೇಬೇಡ ಅಂತ ನಾನು ಹೇಳುತ್ತಿಲ್ಲ. ನಿಜವಾದ ಶಾಲೆಗೆ ನೀನೇ ನೇರವಾಗಿ ಅರ್ಜಿ ಹಾಕು, ನಾನು ಕೂತು ಟೈಪ್ ಮಾಡಿಕೊಡುತ್ತೇನೆ. ಅವರು ಪಾಠ ಮಾಡಿಸಿ ನೋಡಲಿ. ಆಗ ಹೋಗು, ನಾನೇ ವಿಮಾನದ ತನಕ ಬ್ಯಾಗ್ ಹೊರುತ್ತೇನೆ.

ಅವ್ವ ಅಪ್ಪನಿಗೆ ನಾನು ಏನೂ ಹೇಳಿಲ್ಲ, ಹೇಳುವುದಿದ್ದರೆ ನೀನೇ ಹೇಳಬೇಕು. ಅವರಿಗೆ ನನ್ನ ನಮಸ್ಕಾರ ಮುಟ್ಟಿಸು, ದೊಡ್ಡಪ್ಪನಿಗೆ ಎರಡು ಸಲ. ಗಂಟಲಿಗೆ ಔಷಧ ತಗೊ. ಸಿಟ್ಟು ಬಂದರೂ ಫೋನ್ ಮಾಡು, ಬೈಯಲಿಕ್ಕಾದರೂ ಮಾಡು.

ನಿನ್ನ ಕೈಯಲ್ಲಿ ಅಕ್ಷರ ಕಲಿತ ತಂಗಿ,
ಭಾಗ್ಯಾ

ತಾ.ಕ. (ಶನಿವಾರ ಮುಂಜಾನೆ): ರುಹಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, "ಜಲ್ದಿ ಮಾಡಲೇ, ಬಸ್ ಹೋಗ್ತೈತಿ" ಅನ್ನುತ್ತಿದ್ದಾಳೆ. ರಸೀದಿ ಇಲ್ಲ ಅಕ್ಕಾ. ಸೋಮವಾರ ಕೊರಿಯರ್ ಅಂಗಡಿಗೆ ಹೋಗಿ ಕವರನ್ನು ತಕ್ಕಡಿಯ ಮೇಲೂ ಇಟ್ಟಿದ್ದೆ. ಒಳಗೇನೈತಿ ಅಂತ ಕೇಳಿದರು. ಪಾಸ್‌ಪೋರ್ಟ್ ಅಂದರೆ ತಗೊಳ್ಳಲಿಕ್ಕಿಲ್ಲ, ಪುಸ್ತಕ ಅನ್ನು ಅಂತ ನೀನು ಹೇಳಿಕೊಟ್ಟಿದ್ದೆ, ಆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಎತ್ತಿಕೊಂಡು ಬಂದುಬಿಟ್ಟೆ. ಈ ಪತ್ರದ ಜೊತೆ ರುಹಿ ಕೊಡುವ ದಪ್ಪ ಕವರಿನ ಮೇಲೆ ಇರುವುದು ನಿನ್ನ ಅಕ್ಷರವೇ, ಒಡೆದಿಲ್ಲ. ಹಾಕುವುದಿದ್ದರೆ ಈಗ ನಿನ್ನ ಕೈಯಿಂದಲೇ ಹಾಕು. ಅದಕ್ಕಿಂತ ಮೊದಲು ಆ ಎಚ್‌ಆರ್ ಸರ್‌ಗೆ ಒಂದು ಫೋನ್ ಮಾಡಿ, ಐದು ನಿಮಿಷ ನನ್ನ ಪಾಠ ಕೇಳಿರಿ ಅನ್ನು. ಕೇಳುತ್ತಾರೇನೋ ನೋಡು.