ರಾಜಿಪತ್ರದ ಮೊದಲ ಸಾಲು

ತಮ್ಮಾ ನೌಮಾನ್,

ನೀನು ತೀರಿಕೊಂಡು ನಾಲ್ಕು ತಿಂಗಳಾಯಿತು. ಆದರೂ ಇವತ್ತು ಹರಿಹರದ ನನ್ನ ಶಾಲೆಯಲ್ಲಿ ನಡೆದದ್ದನ್ನು ನಿನಗೇ ಹೇಳಬೇಕು.

ಹತ್ತನೇ ತರಗತಿಗೆ ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದದ ಪಾಠ ಮಾಡುತ್ತಿದ್ದೆ. ಗೆದ್ದವರೇ ಕೂತು ಷರತ್ತು ಬರೆದರು, ಯುದ್ಧದ ಹೊಣೆಯನ್ನು ಜರ್ಮನಿಯ ತಲೆಗೆ ಕಟ್ಟಿದರು, ಮಾತುಕತೆಗೆ ಕರೆಯದೆ ಸಹಿ ಹಾಕಿಸಿಕೊಂಡರು ಎಂದೆ. ತನುಶ್ರೀ ಎಂಬ ಹುಡುಗಿ ಎದ್ದು ನಿಂತಳು.

"ಸರ್, ಸೋತೋರನ್ನ ಮಾತಾಡಾಕೆ ಬಿಡ್ಲಿಲ್ಲ ಅಂದ್ರೆ ಅದು ಶಾಂತಿ ಹೆಂಗೆ ಆಗ್ತೈತ್ರಿ?"

"ಆಗ್ಲಿಲ್ಲಮ್ಮ. ಇಪ್ಪತ್ತೇ ವರ್ಷಕ್ಕೆ ಇನ್ನೂ ದೊಡ್ಡ ಯುದ್ಧ ಬಂತು. ಅದು ಮುಗಿದ ಮೇಲೆ ಸೋತೋರನ್ನೂ ಕೈ ಹಿಡ್ದು ಎಬ್ಬಿಸಿದ್ರು. ಹಳೇ ವೈರಿಗಳು ಈಗ ಒಂದೇ ಒಕ್ಕೂಟದಾಗೆ ಕೂಡ್ತಾರೆ."

ಪ್ರತಿ ವರ್ಷ ಹೇಳುವ ಮಾತೇ. ಇವತ್ತು ಮಾತ್ರ ಅಷ್ಟು ಹೇಳಿ ಪುಸ್ತಕ ಮುಚ್ಚಿಟ್ಟೆ.

ಆನೆಕೊಂಡದಲ್ಲಿ ಅಪ್ಪ ಬಿಟ್ಟುಹೋದ ಗ್ಯಾರೇಜಿಗಾಗಿ ನೀನೂ ನಮ್ಮ ದೊಡ್ಡಣ್ಣ ಜಮಾಲ್ ಭಾಯಿಯೂ ಕೈ ಕೈ ಮಿಲಾಯಿಸಿದಾಗ ರಾಜಿಪತ್ರ ಬರೆದವನು ನಾನು. ದೊಡ್ಡಣ್ಣ ಬೇಗ ತಣ್ಣಗಾಗಲಿ ಎಂದು, "ಜಗಳಕ್ಕೆಲ್ಲ ನೌಮಾನನೇ ಕಾರಣ" ಎಂದು ಮೊದಲ ಸಾಲಿನಲ್ಲೇ ಸೇರಿಸಿದೆ.

"ಅಶ್ಫಾಕ್ ಭಾಯ್, ಇದನ್ನ ನೀನಾ ಬರ್ದಿದ್ದು?" ಎಂದು ನೀನು ಕೇಳಿದೆ.

"ಮೊದ್ಲು ಸಹಿ ಹಾಕು, ಆಮೇಲೆ ಮಾತಾಡಾಣ," ಎಂದೆ ನಾನು. ನೀನು ಸಹಿ ಹಾಕಿದೆ.

ಆಮೇಲೆ ಆರು ವರ್ಷ ಮನೆಯಲ್ಲಿ ಒಂದು ಜಗಳವೂ ಆಗಲಿಲ್ಲ. ರಾಜಿ ಮಾಡಿಸಿದವನು ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಆ ಆರು ವರ್ಷದಲ್ಲಿ ನೀನು ಒಮ್ಮೆಯಾದರೂ ಮನೆಗೆ ಬಂದಿದ್ದರೆ ತಾನೇ, ಜಗಳವಾಗುವುದು?